ಸಿಎನ್‌ಸಿ ಕಡಿತ: ಹೊರಗೆರೆಯ ದಾರಿಯನ್ನು ಮರ ಬಲ್ಲವರೇ ಹಾಕಲಿ

ಮಾನ್ಯ ಸಂಪಾದಕರೇ,

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮರಗೆಲಸದ ಶೆಡ್ಡುಗಳಲ್ಲಿ ಎಂಟಡಿ ಉದ್ದ, ನಾಲ್ಕಡಿ ಅಗಲದ ಬೆಡ್ಡಿರುವ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಮರ ಕಡಿಯುವ ಯಂತ್ರ) ಈಗ ಹೊಸ ಸಂಗತಿಯೇನಲ್ಲ. ದೇವರ ಮಂಟಪದ ಪ್ರಭಾವಳಿ, ಬಾಗಿಲ ಪಡಿ, ಕಿಟಕಿಯ ಜಾಲಿ, ತೊಟ್ಟಿಲ ಪಕ್ಕೆ, ಚೆನ್ನೆಮಣೆ ಎಲ್ಲವೂ ಅದರಲ್ಲೇ ಆಗುತ್ತವೆ. ಜೊತೆಗೆ ದೂರುಗಳೂ ಇವೆ: ಅಂಚು ಕಿತ್ತಿದೆ, ಬದಿ ಕರಟಿದೆ, ಒಂದಕ್ಕೊಂದು ಕೂರುವುದಿಲ್ಲ. ಮನೆ ಕಟ್ಟಿಸುವವರು ಯಂತ್ರವನ್ನು ಬಯ್ಯುತ್ತಾರೆ, ಯಂತ್ರ ಇಟ್ಟವರು ಮರವನ್ನು ಬಯ್ಯುತ್ತಾರೆ. ಹೆಚ್ಚಿನ ಸಲ ತಪ್ಪು ಆಗುವುದು ಇವೆರಡರ ನಡುವೆ, ಕಂಪ್ಯೂಟರಿನಲ್ಲಿ ಹೊರಗೆರೆಯ ಟೂಲ್‌ಪಾತ್, ಎಂದರೆ ಕಡಿಯುವ ಬಿಟ್ ಓಡಬೇಕಾದ ದಾರಿ, ಹಾಕುವಾಗ. ಇದನ್ನು ಕೆಲವರು ಕಾಂಟೂರ್ ಎನ್ನುತ್ತಾರೆ, ಕೆಲವರು ಪ್ರೊಫೈಲ್ ಎನ್ನುತ್ತಾರೆ. ತಂತ್ರಾಂಶ ತಾನಾಗಿ ತುಂಬಿಸಿಕೊಡುವ ಅಂಕಿಗಳಿಗೆ ಹಲಗೆಯ ನಾರು ಯಾವ ಕಡೆ ಓಡುತ್ತದೆಂದು ತಿಳಿಯದು. ಸಿಎನ್‌ಸಿ ಪಾಠಗಳು ಬಹುಪಾಲು ಲೋಹವನ್ನು ಮನಸ್ಸಿನಲ್ಲಿಟ್ಟು ಬರೆದವು, ಲೋಹಕ್ಕೆ ನಾರಿಲ್ಲ. ಆದ್ದರಿಂದ ಈ ಒಂದು ಕೆಲಸವನ್ನು ಕಂಪ್ಯೂಟರ್ ಬಲ್ಲ ಹುಡುಗನೊಬ್ಬನಿಗೇ ಬಿಡದೆ, ಕೀಸುಳಿ ಹಿಡಿದು ಗೊತ್ತಿರುವ ಆಚಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕೆಂಬುದು ನಮ್ಮ ವಾದ. ಯಾಕೆಂದು ಅಂಕಿಗಳ ಸಮೇತ ಬರೆಯುತ್ತೇವೆ. ಪತ್ರ ಉದ್ದವಾಯಿತೆಂದು ಕತ್ತರಿಸುವುದಾದರೆ ಅಂಕಿಗಳನ್ನು ಉಳಿಸಿ, ಉಳಿದದ್ದನ್ನು ಕತ್ತರಿಸಿ.

ಮೊದಲು ಗೆರೆ ಸರಿಯಿರಬೇಕು. ಮೊಬೈಲಿಗೆ ಬಂದ ಫೋಟೊವನ್ನು ಟ್ರೇಸ್ ಮಾಡಿ ತೆಗೆದ ಗೆರೆಯಲ್ಲಿ ಸಾವಿರಾರು ಚುಕ್ಕಿಗಳಿರುತ್ತವೆ. ಚುಕ್ಕಿ ಸಿಕ್ಕಲ್ಲೆಲ್ಲ ಯಂತ್ರ ವೇಗ ತಗ್ಗಿಸುತ್ತದೆ, ಮತ್ತೆ ಏರಿಸುತ್ತದೆ. ತಡೆದಲ್ಲಿ ಮರ ಕರಟುತ್ತದೆ, ತಿರುವಿನಲ್ಲಿ ಮೆಟ್ಟಿಲು ಮೆಟ್ಟಿಲಾಗುತ್ತದೆ. 0.05 ಮಿ.ಮೀ. ಒಳಗಿನ ವ್ಯತ್ಯಾಸಕ್ಕೆ ಒಪ್ಪಿ ಆ ಚುಕ್ಕಿಗಳನ್ನು ಕಂಸಗಳಾಗಿ ಬದಲಿಸಿಕೊಂಡರೆ ಓಟ ಸಲೀಸಾಗುತ್ತದೆ. ಗೆರೆ ಪೂರ್ತಿ ಮುಚ್ಚಿರಬೇಕು. ಎಲ್ಲೋ ಕಾಲು ಮಿ.ಮೀ. ಬಾಯಿ ತೆರೆದಿದ್ದರೂ ತಂತ್ರಾಂಶಕ್ಕೆ ಒಳಗು ಹೊರಗು ತಿಳಿಯದೆ ಬಿಟ್ ತಪ್ಪು ಮಗ್ಗುಲಿನಲ್ಲಿ ಓಡಬಹುದು. ಒಂದರ ಮೇಲೊಂದು ಎರಡು ಗೆರೆ ಕೂತಿದ್ದರೆ ಅದೇ ದಾರಿಯಲ್ಲಿ ಎರಡು ಸಲ ಓಡಿ ಅಂಚು ಸುಡುತ್ತದೆ. ಇಂಚಿನಲ್ಲಿ ಬರೆದ ಚಿತ್ರವನ್ನು ಮಿ.ಮೀ. ಎಂದು ತೆರೆದರೆ 25.4ರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ; ಅದು ಕಣ್ಣಿಗೆ ಹೊಡೆಯುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಫೋಟೊ ಎಳೆದು ಅಂದಾಜಿಗೆ ಹಿಗ್ಗಿಸಿದ ಚಿತ್ರವೇ ಹೆಚ್ಚು ಮೋಸದ್ದು. ದಾರಂದದ ಒಳ ಅಗಲದಂಥ ಗೊತ್ತಿರುವ ಒಂದು ಅಳತೆಯನ್ನು ಪರದೆಯ ಮೇಲೆ ಅಳೆದು ನೋಡದೆ ಮುಂದೆ ಹೋಗಬೇಡಿ.

ಬಿಟ್ಟಿನ ಮಗ್ಗುಲು: 6 ಮಿ.ಮೀ. ಬಿಟ್ಟಿನ ನಡುಗೆರೆ ನಮ್ಮ ಗೆರೆಯಿಂದ 3 ಮಿ.ಮೀ. ದೂರದಲ್ಲಿ ಓಡಬೇಕು, ಹೊರ ಆಕಾರಕ್ಕೆ ಹೊರಗೆ, ತೂತಿಗೆ ಒಳಗೆ. ಗೆರೆಯ ಮೇಲೆಯೇ ಓಡಿಸುವುದು ಗೆರೆ ಕೆತ್ತನೆಗೆ ಮಾತ್ರ. ಚೌಕ ತೂತಿನ ಒಳಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ದುಂಡು ಉಳಿದೇ ಉಳಿಯುತ್ತದೆ. ಅದನ್ನು ಉಳಿಯಿಂದ ತೆಗೆಯಬೇಕು, ಇಲ್ಲವೇ ಬಿಟ್ಟನ್ನು ಮೂಲೆಯ ಕರ್ಣದಲ್ಲಿ 1.25 ಮಿ.ಮೀ. ಮುಂದೆ ನುಗ್ಗಿಸಿ ಹಿಂದೆ ತರಬೇಕು. ಕಾಣುವ ಜಾಗಕ್ಕೆ ಉಳಿ ಚೆಂದ, ಒಳಗೆ ಅಡಗುವ ಜೋಡಣೆಗೆ ಎರಡನೆಯದು ಸಾಕು.

ಇನ್ನು ದಿಕ್ಕು. ಹೆಚ್ಚಿನ ಹಾಳು ಆಗುವುದೇ ಇಲ್ಲಿ. ಮೇಲಿನಿಂದ ನೋಡಿದರೆ ಬಿಟ್ ತಿರುಗಿಸುವ ಸ್ಪಿಂಡಲ್ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಬಿಟ್ ಹೊರಗೆರೆಯನ್ನು ಪ್ರದಕ್ಷಿಣೆಯಾಗಿ ಸುತ್ತಿದರೆ ಅದು ಕ್ಲೈಂಬ್ ಕಡಿತ, ಅಪ್ರದಕ್ಷಿಣೆಯಾಗಿ ಸುತ್ತಿದರೆ ಕನ್ವೆನ್ಷನಲ್. ತೂತಿನ ಒಳಗೆರೆಗೆ ಇದು ತಿರುವುಮುರುವು. ಕ್ಲೈಂಬಿನಲ್ಲಿ ಹಲ್ಲು ದಪ್ಪ ಚಕ್ಕೆಯಿಂದ ಶುರುಮಾಡಿ ತೆಳುವಾಗಿ ಮುಗಿಸುತ್ತದೆ, ನಾರನ್ನು ನಮಗೆ ಬೇಕಾದ ತುಂಡಿನ ಕಡೆಗೇ ಒತ್ತಿ ಕಡಿಯುತ್ತದೆ. ಅಂಚು ನುಣುಪಾಗಿ ಬರುತ್ತದೆ. ಕನ್ವೆನ್ಷನಲ್‌ನಲ್ಲಿ ಹಲ್ಲು ಮೇಲ್ಮೈಯಿಂದ ಹೊರಕ್ಕೆ ಎತ್ತುತ್ತಾ ಹೋಗುತ್ತದೆ. ನಾರು ತುಂಡಿನ ಒಳಕ್ಕೆ ಓಡುವ ಜಾಗದಲ್ಲಿ ಸೀಳು ಬಿಟ್ಟಿಗಿಂತ ಮುಂದೆ ಹೋಗಿ ಗೆರೆಯನ್ನೇ ದಾಟಿಬಿಡುತ್ತದೆ.

ಹಾಗಿದ್ದರೆ ಎಲ್ಲವನ್ನೂ ಕ್ಲೈಂಬಿನಲ್ಲೇ ಕಡಿದರಾಯಿತಲ್ಲ ಎಂದು ಕೇಳಬಹುದು. ಕ್ಲೈಂಬಿನಲ್ಲಿ ಬಿಟ್ ತಾನೇ ಮುಂದಕ್ಕೆ ಎಳೆಯುತ್ತದೆ. ರ್‍ಯಾಕಿನಲ್ಲಿ (ಯಂತ್ರ ಓಡುವ ಹಲ್ಲುಪಟ್ಟಿಯಲ್ಲಿ) ಸಡಿಲವಿರುವ ಹಗುರ ಯಂತ್ರಗಳಲ್ಲಿ ಜಗ್ಗಿ ಜಗ್ಗಿ ಓಡುತ್ತದೆ, ಸಣ್ಣ ತುಂಡನ್ನು ಹಿಡಿತದಿಂದ ಕೀಳುತ್ತದೆ. ಇನ್ನೊಂದು ಸಂಗತಿ ಇದೆ. ಮೊದಲ ಸುತ್ತಿನಲ್ಲಿ ಬಿಟ್ ತನ್ನ ಪೂರ್ತಿ ಅಗಲದಲ್ಲಿ ಗಾಡಿ (ಕಾಲುವೆಯಂಥ ತೋಡು) ತೋಡುತ್ತಿರುತ್ತದೆ. ಆಗ ಅದು ಓಟದ ದಿಕ್ಕಿನ ಎಡಕ್ಕೆ ಸ್ವಲ್ಪ ಬಾಗುತ್ತದೆ. ಕ್ಲೈಂಬಿನಲ್ಲಿ ಎಡಕ್ಕಿರುವುದು ಬಿಸಾಡುವ ಮರ. ತುಂಡು ತುಸು ದೊಡ್ಡದಾಗಿ ಬರುತ್ತದೆ. ಕನ್ವೆನ್ಷನಲ್‌ನಲ್ಲಿ ಎಡಕ್ಕಿರುವುದು ನಮ್ಮ ತುಂಡೇ. ಬಿಟ್ ಅದರೊಳಗೆ ನುಗ್ಗುತ್ತದೆ, ಆಮೇಲೆ ಸರಿಪಡಿಸಲು ಮರ ಉಳಿದಿರುವುದಿಲ್ಲ.

ಆದ್ದರಿಂದ ಎರಡು ಟೂಲ್‌ಪಾತ್ ಹಾಕುವುದೇ ಸರಿ. ಮೊದಲನೆಯದು ಒರಟು ಕಡಿತ: ಕನ್ವೆನ್ಷನಲ್ ದಿಕ್ಕು, ಬಿಟ್ ಒಳಕ್ಕೆ ಬಾಗಿದರೂ ಗೆರೆ ಮುಟ್ಟದಂತೆ 0.6 ಮಿ.ಮೀ. ಉಳಿಸಿಕೊಂಡು, ಹಲವು ಪಾಸ್‌ಗಳಲ್ಲಿ, ಎಂದರೆ ಪದರ ಪದರವಾಗಿ. ಎರಡನೆಯದು ನಯ ಕಡಿತ: ಕ್ಲೈಂಬ್ ದಿಕ್ಕು, ಉಳಿಸಿದ 0.6 ಮಿ.ಮೀ. ಅನ್ನು ಪೂರ್ತಿ ಆಳದಲ್ಲಿ ಒಂದೇ ಪಾಸ್‌ನಲ್ಲಿ ತೆಗೆಯುವುದು. ಇದರಿಂದ ಪ್ರತಿ ಪಾಸ್‌ನ ಅಡ್ಡಗೆರೆಗಳೂ ಮಾಯವಾಗುತ್ತವೆ. ಹಲಸು, ಹೆಬ್ಬಲಸಿನಲ್ಲಿ ನಾರು ಹೆಣೆದುಕೊಂಡ ಹಲಗೆ ಬಂದರೆ 0.6ರ ಬದಲು 1 ಮಿ.ಮೀ. ಉಳಿಸಿ. ಎಂಡಿಎಫ್‌ನಲ್ಲಿ (ಮರದ ಎಳೆ ಒತ್ತಿ ಮಾಡಿದ ಹಲಗೆ) ನಾರು ಒಂದು ದಿಕ್ಕಿಗೆ ಓಡದ ಕಾರಣ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ದುಂಡು ಪೀಠ ಕಡಿದು ಅಂಚಿಗೆ ಬೆರಳು ಸವರಿದರೆ ಇಡೀ ವಿಷಯ ಕೈಗೇ ತಿಳಿಯುತ್ತದೆ. ಎದುರುಬದುರಿನ ಎರಡು ಕಾಲುಭಾಗ ನುಣುಪು, ಉಳಿದ ಎರಡು ಒರಟು. ದಿಕ್ಕು ಬದಲಿಸಿದರೆ ಒರಟು ಹೋಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೆ. ತೀರಾ ಬಿಗಡಾಯಿಸಿದ ಮರವಾದರೆ ನಯ ಕಡಿತವನ್ನು ನಾಲ್ಕು ತುಂಡು ಮಾಡಿ ಎರಡನ್ನು ಒಂದು ದಿಕ್ಕಿನಿಂದ, ಎರಡನ್ನು ಇನ್ನೊಂದು ದಿಕ್ಕಿನಿಂದ ಓಡಿಸಬಹುದು. ಬಾಗಿಲ ಪಡಿಯಂಥ ನೇರ ತುಂಡಿಗೆ ಮೊದಲು ಅಡ್ಡನಾರಿನ ಎರಡು ತುದಿ, ಆಮೇಲೆ ಉದ್ದ ಬದಿಗಳು. ತುದಿಯಲ್ಲಿ ಮೂಲೆಯ ಚಕ್ಕೆ ಹಾರಿದರೂ ಉದ್ದ ಬದಿಯ ಪಾಸ್ ಅದನ್ನು ಒರೆಸಿಕೊಂಡು ಹೋಗುತ್ತದೆ. ಕೀಸುಳಿಯಲ್ಲಿ ಕೆಲಸ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ; ಪರದೆಯ ಮುಂದೆ ಕೂತವರಿಗೆ ಹೇಳಬೇಕು.

ಎಲ್ಲಿಂದ ಶುರು ಮಾಡುವುದು ಎಂಬುದನ್ನೂ ತಂತ್ರಾಂಶಕ್ಕೆ ಬಿಡಬಾರದು. ಗೆರೆಯ ಮೊದಲ ಚುಕ್ಕಿ ಎಲ್ಲಿದೆಯೋ ಅಲ್ಲಿಂದಲೇ ಅದು ಶುರು ಮಾಡುತ್ತದೆ. ಅದು ಹೆಚ್ಚಾಗಿ ಮೂಲೆ, ಇಲ್ಲವೇ ಪ್ರಭಾವಳಿಯ ನೆತ್ತಿ. ಶುರುವಿನ ಜಾಗವನ್ನು ಉದ್ದ ನಾರಿನ ನೇರ ಬದಿಗೆ, ಗೋಡೆಗೆ ತಾಗುವ ಕಡೆಗೆ ಸರಿಸಿ. ಬಿಟ್ ನೆಟ್ಟಗೆ ಕೆಳಗಿಳಿದರೆ ಬುಡದಲ್ಲಿ ಹುಡಿ ಸಿಕ್ಕಿ ಕರಟುತ್ತದೆ, ಅಲ್ಲೊಂದು ದುಂಡು ಗುರುತು ಉಳಿಯುತ್ತದೆ. ಒರಟು ಕಡಿತದಲ್ಲಿ 40–50 ಮಿ.ಮೀ. ಉದ್ದದ ಇಳಿಜಾರಿನಲ್ಲಿ ಇಳಿಸಿ. ನಯ ಕಡಿತದಲ್ಲಿ, ಈಗಾಗಲೇ ತೋಡಿದ ಗಾಡಿಯೊಳಗೆ ಇಳಿದು ಸಣ್ಣ ಕಂಸದಲ್ಲಿ ಬದಿಯನ್ನು ಮುಟ್ಟಬೇಕು, ಕಂಸದಲ್ಲೇ ಬಿಡಬೇಕು. ಆದರೆ ಗಾಡಿಯ ಅಗಲ ಬಿಟ್ಟಿನಷ್ಟೇ ಇರುವುದರಿಂದ ಕಂಸ ಹೊರಬದಿಯ ಮರವನ್ನು ಸ್ವಲ್ಪ ತಿನ್ನುತ್ತದೆ. ಪಕ್ಕದಲ್ಲಿ ಇನ್ನೊಂದು ತುಂಡು ಅಂಟಿಕೊಂಡಂತೆ ಜೋಡಿಸಿದ್ದರೆ ಅದಕ್ಕೆ ಗಾಯವಾಗುತ್ತದೆ. ಎರಡು ತುಂಡುಗಳ ನಡುವೆ ಬಿಟ್ಟಿನ ಅಗಲಕ್ಕಿಂತ ಕನಿಷ್ಠ 8 ಮಿ.ಮೀ. ಹೆಚ್ಚು ಬಿಡಿ. ಮುಗಿಸುವಾಗ ಶುರುವಿನ ಜಾಗ ದಾಟಿ 4–5 ಮಿ.ಮೀ. ಮುಂದೆ ಹೋಗಿ ಬಿಟ್ಟರೆ ಸೇರುವಲ್ಲಿ ಮೊಡವೆ ಉಳಿಯದು.

ತುಂಡು ಕೊನೆಯಲ್ಲಿ ಸಡಿಲವಾಗದಂತೆ ಅಲ್ಲಲ್ಲಿ ಕಡಿಯದೆ ಬಿಡುವ ಸಣ್ಣ ಸೇತುವೆಗಳ, ಎಂದರೆ ಟ್ಯಾಬ್‌ಗಳ, ಬಗ್ಗೆ ಹೆಚ್ಚು ಹೇಳಬೇಕು. ಬ್ರಿಡ್ಜ್ ಎನ್ನುವುದೂ ಇದನ್ನೇ. 8 ಮಿ.ಮೀ. ಅಗಲ, 2ರಿಂದ 3 ಮಿ.ಮೀ. ದಪ್ಪ, 200–250 ಮಿ.ಮೀ.ಗೆ ಒಂದರಂತೆ, ಎಷ್ಟೇ ಸಣ್ಣ ತುಂಡಾದರೂ ಮೂರಕ್ಕೆ ಕಡಿಮೆಯಿಲ್ಲದಂತೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಎಲ್ಲಾ ಬದಿಯ ಟ್ಯಾಬ್‌ಗೂ ಒಂದೇ ಬಲವಿಲ್ಲ. ಅಡ್ಡನಾರಿನ ತುದಿಯಲ್ಲಿ ಬಿಟ್ಟ ಟ್ಯಾಬಿನಲ್ಲಿ ನಾರು ತುಂಡಿನಿಂದ ಹೊರಮರಕ್ಕೆ ನೇರವಾಗಿ ಹಾದುಹೋಗುತ್ತದೆ. ಅದು ಗಟ್ಟಿ, 2 ಮಿ.ಮೀ. ದಪ್ಪ ಧಾರಾಳ ಸಾಕು, ಗರಗಸದಿಂದ ಕೊಯ್ದೇ ಬಿಡಿಸಬೇಕು. ಉದ್ದ ಬದಿಯ ಟ್ಯಾಬಿನಲ್ಲಿ ನಾರು ಅಡ್ಡಕ್ಕೆ ಇರುತ್ತದೆ. ಬಿಟ್ಟಿನ ನಡುಕಕ್ಕೇ ಮುರಿಯಬಹುದು, ಕೈಯಿಂದ ಮುರಿದರೆ ತುಂಡಿನ ಮೈಯಿಂದಲೂ ಒಂದು ಚಕ್ಕೆ ಕಿತ್ತುಕೊಂಡು ಬರುತ್ತದೆ. ಅಲ್ಲಿ ದಪ್ಪ 3–4 ಮಿ.ಮೀ. ಮಾಡಿ, ತೆಗೆಯುವಾಗ ಎರಡೂ ಕಡೆಯಿಂದ ಉಳಿಯಲ್ಲಿ ಗೀರು ಹಾಕಿಯೇ ತೆಗೆಯಿರಿ. ಮೂಲೆಯಲ್ಲಿ, ತಿರುವಿನ ನೆತ್ತಿಯಲ್ಲಿ ಟ್ಯಾಬ್ ಬೇಡ, ಅಲ್ಲಿ ಉಜ್ಜಿ ಸಮ ಮಾಡಲು ಆಗುವುದಿಲ್ಲ.

ಅಪಾಯದ ಮರೆವು ಇದು: ಒರಟು ಕಡಿತಕ್ಕೆ ಟ್ಯಾಬ್ ಹಾಕಿ, ನಯ ಕಡಿತಕ್ಕೆ ಹಾಕದೆ ಬಿಡುವುದು. ಪೂರ್ತಿ ಆಳದಲ್ಲಿ ಬರುವ ಎರಡನೆಯ ಸುತ್ತು ಒಂದೊಂದೇ ಟ್ಯಾಬನ್ನು ಕತ್ತರಿಸುತ್ತಾ ಹೋಗಿ, ಕೊನೆಯದು ಕತ್ತರಿಸಿದ ಗಳಿಗೆ ತುಂಡನ್ನು ಬೀಸಿ ಎಸೆಯುತ್ತದೆ. ಎರಡೂ ಟೂಲ್‌ಪಾತ್‌ಗಳಲ್ಲಿ ಟ್ಯಾಬ್ ಅದೇ ಜಾಗದಲ್ಲಿ, ಅದೇ ದಪ್ಪದಲ್ಲಿ ಇದೆಯೇ ಎಂದು ಸಿಮ್ಯುಲೇಶನ್‌ನಲ್ಲಿ ನೋಡಿಯೇ ಗುಂಡಿ ಒತ್ತಬೇಕು. ಯಕ್ಷಗಾನದ ಭುಜಕೀರ್ತಿಗೆ ಬೇಕಾಗುವಂಥ ಹಗುರ ಮರದ ತೆಳು ತುಂಡುಗಳಿಗೆ ಟ್ಯಾಬ್ ಒಗ್ಗದು. ಅವಕ್ಕೆ ತಳದಲ್ಲಿ 0.4 ಮಿ.ಮೀ. ಸಿಪ್ಪೆ ಉಳಿಸಿ ಕಡಿದು, ಆಮೇಲೆ ಚೂರಿಯಲ್ಲಿ ಬಿಡಿಸಿ ಉಜ್ಜುವುದೇ ಲೇಸು.

ಕ್ರಮ: ಒಳಗಿನದೆಲ್ಲ ಮೊದಲು, ಹೊರಗೆರೆ ಕಟ್ಟಕಡೆಗೆ. ಚೆನ್ನೆಮಣೆಯ 14 ಗುಳಿಯೂ ತೋಡಿ, ತೂತುಗಳನ್ನೂ ಕಡಿದು, ಆಮೇಲಷ್ಟೇ ಹೊರಗೆ. ಹಲಗೆಯಿಂದ ಬಿಡಿಸಿಕೊಂಡ ತುಂಡಿನಲ್ಲಿ ಆಮೇಲೆ ತೂತು ಕಡಿಯಹೊರಟರೆ ಅದು ಕದಲುತ್ತದೆ.

ಬಿಟ್ ಯಾವುದು? ಮೇಲ್ಮುಖ ಸುರುಳಿಯದು ಹುಡಿಯನ್ನು ಹೊರಗೆ ಎಸೆಯುತ್ತದೆ, ಆದರೆ ಮೇಲಿನ ಅಂಚಿನಲ್ಲಿ ನಾರು ಎಬ್ಬಿಸುತ್ತದೆ. ಕೆಳಮುಖದ್ದು ಮೇಲಂಚನ್ನು ಚೊಕ್ಕ ಇಡುತ್ತದೆ, ಹುಡಿಯನ್ನು ಗಾಡಿಯೊಳಗೇ ಗಿಡಿಯುತ್ತದೆ. ಆಳದ ಕಡಿತದಲ್ಲಿ ಹುಡಿ ಬಿಸಿಯಾಗಿ ಕೆಂಡ ಹಿಡಿಯುವುದುಂಟು, ಪೈಪಿನ ಮೂಲಕ ಅದು ಹುಡಿ ಚೀಲಕ್ಕೆ ಹೋದರೆ ಮುಂದಿನದ್ದು ಹೇಳಬೇಕಾಗಿಲ್ಲ. ಎರಡೂ ಮೈಗೆ ಲ್ಯಾಮಿನೇಟ್ ಅಂಟಿಸಿದ ಪ್ಲೈವುಡ್‌ಗೆ ಕಂಪ್ರೆಶನ್ ಬಿಟ್ ಬೇಕು. ಅದರ ತುದಿಯ ಹಲ್ಲು ಮೇಲ್ಮುಖ, ಮೇಲಿನದು ಕೆಳಮುಖ. ದುಬಾರಿ ಕಂಪ್ರೆಶನ್ ಬಿಟ್ ತಂದು ಮೊದಲ ಪಾಸ್ 3 ಮಿ.ಮೀ. ಇಟ್ಟರೆ ಕೆಲಸ ಮಾಡುವುದು ತುದಿಯ ಮೇಲ್ಮುಖ ಹಲ್ಲು ಮಾತ್ರ, ಲ್ಯಾಮಿನೇಟ್ ಎದ್ದೇ ಏಳುತ್ತದೆ. ತುದಿಯ ಆ ಭಾಗ ಎಷ್ಟು ಉದ್ದವಿದೆ ಎಂದು ಅಳೆದು, ಮೊದಲ ಪಾಸನ್ನು ಅದಕ್ಕಿಂತ 1–2 ಮಿ.ಮೀ. ಆಳಕ್ಕೇ ಇಳಿಸಬೇಕು. ಬಿಟ್ ತನ್ನನ್ನು ಕಚ್ಚಿಹಿಡಿಯುವ ಕಾಲೆಟ್ಟಿನಿಂದ ಅಗತ್ಯಕ್ಕಿಂತ ಹೊರಚಾಚಿರಬಾರದು: ಚಾಚು 30ರಿಂದ 40 ಮಿ.ಮೀ.ಗೆ ಏರಿದರೆ ಬಾಗುವಿಕೆ ಸುಮಾರು 2.4 ಪಟ್ಟಾಗುತ್ತದೆ. ತಿರುವುಗಳು ಒಪ್ಪಿದರೆ 6ರ ಬದಲು 8 ಮಿ.ಮೀ. ಬಿಟ್ ಹಾಕಿ, ಅದು ಮೂರು ಪಟ್ಟು ಗಟ್ಟಿ.

ಕರಟುವ ದೂರಿಗೆ ಕಾರಣ ಬಹುತೇಕ ವೇಗದ ಜೋಡಿ. ಸ್ಪಿಂಡಲ್ ನಿಮಿಷಕ್ಕೆ 24,000 ಸುತ್ತು, ಓಟ ನಿಮಿಷಕ್ಕೆ 1,500 ಮಿ.ಮೀ., ಎರಡು ಹಲ್ಲಿನ ಬಿಟ್: ಹೀಗೆ ಇಟ್ಟರೆ ಹಲ್ಲೊಂದಕ್ಕೆ ಸಿಗುವ ಚಕ್ಕೆ 0.03 ಮಿ.ಮೀ. ಅದು ಕಡಿತವಲ್ಲ, ಉಜ್ಜಾಟ. ಮರ ಕಪ್ಪಾಗುತ್ತದೆ, ಬಿಟ್ಟಿನ ಮೊನೆ ಹೋಗುತ್ತದೆ. ಸಾಗುವಾನಿಯಲ್ಲಿ ಸಿಲಿಕಾ ಇರುವುದರಿಂದ ಇನ್ನೂ ಬೇಗ. ಕರಟಿತೆಂದು ಗಾಬರಿಯಾಗಿ ಓಟ ಇನ್ನೂ ನಿಧಾನಿಸಿದರೆ ಇನ್ನೂ ಕರಟುತ್ತದೆ. 6 ಮಿ.ಮೀ. ಕಾರ್ಬೈಡ್ ಬಿಟ್ಟಿಗೆ ಗಟ್ಟಿಮರದಲ್ಲಿ ಹಲ್ಲಿಗೆ 0.12 ಮಿ.ಮೀ. ಎಂದಿಟ್ಟುಕೊಳ್ಳಿ: 16,000 ಸುತ್ತು, ಎರಡು ಹಲ್ಲು, ಗುಣಿಸಿದರೆ ನಿಮಿಷಕ್ಕೆ 3,840 ಮಿ.ಮೀ. ಓಟ. 400 ಹರ್ಟ್ಸ್‌ಗೆ 24,000 ತಿರುಗುವ ಸ್ಪಿಂಡಲಾದರೆ ಅದರ ವೇಗ ಬದಲಿಸುವ ಇನ್ವರ್ಟರಿನಲ್ಲಿ 267 ಹರ್ಟ್ಸ್ ಇಟ್ಟರೆ 16,000 ಸುತ್ತು. ಪಾಸಿನ ಆಳ ಸಾಗುವಾನಿಗೆ 4–5 ಮಿ.ಮೀ., ಪ್ಲೈವುಡ್‌ಗೆ 6. ಬಳ್ಳಿ ಹೂವಿನ ಇಕ್ಕಟ್ಟು ತಿರುವುಗಳಲ್ಲಿ ಯಂತ್ರ ಆ ಓಟವನ್ನು ಮುಟ್ಟುವುದೇ ಇಲ್ಲ, ಪರದೆಯಲ್ಲಿ ಏನೇ ಬರೆದಿರಲಿ. ಅಂಥ ಕೆಲಸಕ್ಕೆ ಸುತ್ತನ್ನು 12,000ಕ್ಕೆ ಇಳಿಸಿ, ಆಳವನ್ನೂ ಇಳಿಸಿ. ಸುತ್ತು ಅರ್ಧಕ್ಕಿಳಿದರೆ ಸ್ಪಿಂಡಲಿನ ಶಕ್ತಿಯೂ ಸುಮಾರು ಅರ್ಧವೇ.

18 ಮಿ.ಮೀ. ಎಂದು ಮಾರುವ ಪ್ಲೈವುಡ್ ವರ್ನಿಯರಿನಲ್ಲಿ 17.5 ತೋರಿಸುವುದು ಅಪರೂಪವಲ್ಲ. ಆದ್ದರಿಂದ ಆಳದ ಸೊನ್ನೆಯನ್ನು ಹಲಗೆಯ ಮೇಲ್ಮೈಗಿಂತ ಬೆಡ್ಡಿನ ಮೇಲೆ ಹಾಸಿದ ಎಂಡಿಎಫ್‌ನಿಂದ ಹಿಡಿದರೆ ಟ್ಯಾಬಿನ ದಪ್ಪ ಏರುಪೇರಾಗದು, 0.2 ಮಿ.ಮೀ. ಮಾತ್ರ ಎಂಡಿಎಫ್‌ಗೆ ತಾಗಿಸಿ. ಬಿಟ್ ಕಡಿಯದೆ ಎತ್ತಿ ಓಡುವ ಎತ್ತರ ಕ್ಲಾಂಪಿನ ನೆತ್ತಿಗಿಂತ 10 ಮಿ.ಮೀ. ಮೇಲಿರಲಿ.

ನಮ್ಮ ಮಳೆಗಾಲದ ಮರಕ್ಕೆ ಬೇರೆಯೇ ಲೆಕ್ಕ. ಸರಿಯಾಗಿ ಒಣಗದ ಹಲಗೆಯಲ್ಲಿ, ರಬ್ಬರ್ ಮರದಲ್ಲಂತೂ, ಒಳಗೆ ಬಿಗಿತ ಅಡಗಿರುತ್ತದೆ. ಹೊರಗೆರೆ ಮುಕ್ಕಾಲು ಕಡಿದಾಗ ಅದು ಬಿಡುಗಡೆಯಾಗಿ ಗಾಡಿ ಬಾಯಿ ಮುಚ್ಚುತ್ತದೆ, ಬಿಟ್ ಸಿಕ್ಕಿಹಾಕಿಕೊಳ್ಳುತ್ತದೆ ಅಥವಾ ಮುರಿಯುತ್ತದೆ. ಹಾಗೆ ಸಂಶಯವಿರುವ ಮರವನ್ನು ಗೆರೆಯಿಂದ 3 ಮಿ.ಮೀ. ಹೊರಗೆ ಒರಟಾಗಿ ಬಿಡಿಸಿ, ಶೆಡ್ಡಿನೊಳಗೆ ಗಾಳಿಯಾಡಲು ಇಟ್ಟು, ಬಾಗಿದ್ದನ್ನು ಕೀಸಿ ಸಮಮಾಡಿ, ಮತ್ತೆ ಬೆಡ್ಡಿಗೇರಿಸಿ ನಯ ಕಡಿತ ಮಾಡಬೇಕು. ಎರಡನೆಯ ಸಲ ಅದೇ ಜಾಗದಲ್ಲಿ ಕೂರಿಸಲು ಬಿಸಾಡುವ ಭಾಗದಲ್ಲಿ ಗೂಟದ ತೂತು ಇಟ್ಟು ಪ್ರಯೋಜನವಿಲ್ಲ. ತುಂಡಿನ ಒಳಗೇ, ಆಮೇಲೆ ಮುಚ್ಚಿಹೋಗುವ ಜಾಗದಲ್ಲಿ, ಎರಡು 6 ಮಿ.ಮೀ. ತೂತು ಬೇಕು.

ಅಳತೆ ತಪ್ಪಿದರೆ ಹುಡುಕುವ ಬಗೆ: ಒಂದೇ ಹಲಗೆಯಲ್ಲಿ 100 ಮಿ.ಮೀ. ಚೌಕ ತುಂಡೊಂದು, 100 ಮಿ.ಮೀ. ಚೌಕ ತೂತೊಂದು ಕಡಿಯಿರಿ. ತುಂಡು 100.3, ತೂತು 99.7 ಬಂದರೆ ಬಿಟ್ ನಿಜವಾಗಿ 6 ಅಲ್ಲ, 5.7, ಸಾಣೆ ಹಿಡಿಸಿದ ಬಿಟ್ಟುಗಳಲ್ಲಿ ಹೀಗಾಗುತ್ತದೆ. ತಂತ್ರಾಂಶದಲ್ಲಿ ವ್ಯಾಸ ತಿದ್ದಿದರೆ ಮುಗಿಯಿತು. ತುಂಡೂ ತೂತೂ ಎರಡೂ ಒಂದೇ ಕಡೆಗೆ ತಪ್ಪಿದರೆ ಯಂತ್ರದ ಹೆಜ್ಜೆಯ ಲೆಕ್ಕ (ಮೋಟರ್ ಎಷ್ಟು ತಿರುಗಿದರೆ ಎಷ್ಟು ಮಿ.ಮೀ. ಎಂಬುದು) ಸರಿಯಿಲ್ಲ. ವೃತ್ತದ ನಾಲ್ಕು ದಿಕ್ಕಿನಲ್ಲಿ ಚಪ್ಪಟೆ ಗುರುತು ಬಿದ್ದರೆ ರ್‍ಯಾಕ್ ಅಥವಾ ಗೇರಿನಲ್ಲಿ ಸಡಿಲವಿದೆ, ಅದಕ್ಕೆ ಸ್ಪ್ಯಾನರ್ ಬೇಕು, ಕಂಪ್ಯೂಟರ್ ಅಲ್ಲ. ನಡುವೆ ಕರೆಂಟು ಹೋಗಿ ಬಂದರೆ ಬಿಟ್ಟನ್ನು ಮೊದಲು ಮೇಲೆತ್ತಿ, ಮೂಲಸ್ಥಾನ ಮತ್ತೆ ಹಿಡಿಸಿ, ಸ್ಪಿಂಡಲ್ ಪೂರ್ತಿ ವೇಗಕ್ಕೆ ಬಂದ ಮೇಲೆ ಆ ಪಾಸ್‌ನ ಶುರುವಿನಿಂದಲೇ ಓಡಿಸಿ. ನಿಂತ ಬಿಟ್ ಮರದೊಳಗಿರುವಾಗ ಮುಂದುವರಿಸಿದರೆ ಬಿಟ್ಟೂ ಹೋಗುತ್ತದೆ, ತುಂಡೂ ಹೋಗುತ್ತದೆ.

ಕೊನೆಗೆ ದರದ ಮಾತು, ಇದು ಕೆಲಸ ಕೊಡುವವರಿಗೆ. ಚದರ ಅಡಿಗೆ ಇಷ್ಟು ಎಂದು ಚೌಕಾಶಿ ಮಾಡಿದಾಗ ಮೊದಲು ಕೈಬಿಡುವುದು ನಯ ಕಡಿತದ ಪಾಸ್. ಸುತ್ತಳತೆ 4 ಮೀಟರ್ ಇರುವ ಪ್ರಭಾವಳಿಗೆ ಮೇಲೆ ಹೇಳಿದ ಓಟದಲ್ಲಿ ಅದಕ್ಕೆ ತಗಲುವುದು ಒಂದು ನಿಮಿಷದ ಆಸುಪಾಸು, ತಿರುವು ಹೆಚ್ಚಿದ್ದರೆ ಎರಡು ಮೂರು. ಅದನ್ನು ಬಿಟ್ಟ ಅಂಚನ್ನು ಮರಳುಕಾಗದದಲ್ಲಿ ಸರಿಮಾಡಲು ಒಬ್ಬ ಆಳು ಅರ್ಧ ದಿನ ಕೂರಬೇಕಾದೀತು, ಆ ಕೂಲಿ ಕೊಡುವವರೂ ನೀವೇ. ಆರ್ಡರ್ ಕೊಡುವಾಗ ಮೂರು ಪ್ರಶ್ನೆ ಕೇಳಿ: ಒರಟು ಮತ್ತು ನಯ ಕಡಿತ ಬೇರೆಬೇರೆ ಇದೆಯೇ, ನಾರು ತುಂಡಿನ ಯಾವ ದಿಕ್ಕಿಗೆ ಬರುತ್ತದೆ, ಟ್ಯಾಬ್ ಎಲ್ಲಿ ಬೀಳುತ್ತದೆ. ಚಿತ್ರವನ್ನು ಮಿ.ಮೀ. ಅಳತೆಯ ಡಿಎಕ್ಸ್‌ಎಫ್ ಕಡತವಾಗಿಯೇ (ಗೆರೆಗಳನ್ನು ಅಳತೆ ಸಮೇತ ಇಡುವ ಕಡತ) ತನ್ನಿ; ಅದು ಆಗದಿದ್ದರೆ ಕಾಗದದ ಮೇಲೆ ನಿಜ ಅಳತೆಯಲ್ಲಿ ಗೀಚಿ ತಂದರೂ ಆದೀತು, ವಾಟ್ಸಾಪ್ ಫೋಟೊ ಮಾತ್ರ ಬೇಡ.

– ಮರಗೆಲಸದ ಸಿಎನ್‌ಸಿ ನಿರ್ವಾಹಕರು, ಬದಿಯಡ್ಕ ಪರಿಸರ, ಕಾಸರಗೋಡು ಜಿಲ್ಲೆ